ಹದಿಮೂರರ ಹುಡುಗನಿಗೆ ಹದಿನೆಂಟರ ಆಟ: ಕೊಡಬೇಕೇ, ಬೇಡವೇ?

ಮಲ್ಲಿಗೆಬಳ್ಳಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಮಗನಿಗೆ 13 ತುಂಬಿದೆ, ಎಂಟನೇ ತರಗತಿಯಲ್ಲಿ ಓದುತ್ತಿದ್ದಾನೆ. ದಸರಾ ರಜೆಯಲ್ಲಿ ಹಾಸನದ ನನ್ನ ಅಕ್ಕನ ಮನೆಯಲ್ಲಿ ಹತ್ತು ದಿನ ಇದ್ದ. ಅಕ್ಕನ ಮಗ ಇಂಜಿನಿಯರಿಂಗ್ ಓದುವ ಹುಡುಗ, ಒಳ್ಳೆಯವನು, ತಮ್ಮನೆಂದರೆ ಅವನಿಗೆ ಪ್ರಾಣ. ಅವನ ಕಂಪ್ಯೂಟರಿನಲ್ಲಿ ಇಬ್ಬರೂ ಜಿಟಿಎ ಫೈವ್ ಎಂಬ ಆಟ ಆಡುತ್ತಿದ್ದರಂತೆ.

ಮಗನನ್ನು ಕರೆತರಲು ಹೋದ ದಿನ ಸಂಜೆ ಕೋಡುಬಳೆಯ ತಟ್ಟೆ ಹಿಡಿದು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಪರದೆಯ ಮೇಲೆ ಒಬ್ಬ ಹೆಂಗಸು ಕೈಚೀಲ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ನಡೆದು ಹೋಗುತ್ತಿದ್ದಳು. ನನ್ನ ಮಗ ಕಾರನ್ನು ರಸ್ತೆಯಿಂದ ಪಕ್ಕಕ್ಕೆ ಹತ್ತಿಸಿ ಅವಳ ಮೇಲೆ ಹಾಯಿಸಿದ. ಮತ್ತೆ ಹಿಂದಕ್ಕೆ ತೆಗೆದು ಇನ್ನೊಮ್ಮೆ ಹಾಯಿಸಿದ. ಇಬ್ಬರೂ ನಕ್ಕರು. ಅವಳು ಯಾರು, ಅವಳೇನು ಮಾಡಿದಳು ಎಂದು ಕೇಳಿದೆ. "ಯಾರೂ ಅಲ್ಲಮ್ಮ, ಸುಮ್ಮನೆ" ಎಂದ.

ಆ "ಸುಮ್ಮನೆ" ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬೇಲೂರು ದಾಟುವವರೆಗೂ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಮಾಡಿದವನು ಇದೇ ಹುಡುಗ. ತೋಟದ ನಾಯಿಮರಿಗೆ ಕಾಲು ಉಳುಕಿದಾಗ ಮೂರು ದಿನ ಸರಿಯಾಗಿ ಊಟ ಮಾಡದವನೂ ಇವನೇ. ಈಗ ಆ ಆಟವನ್ನು ತನ್ನ ಅಪ್ಪನ ಲ್ಯಾಪ್‌ಟಾಪಿಗೆ ಹಾಕಿಕೊಡಬೇಕೆಂದು ಹಟ ಹಿಡಿದಿದ್ದಾನೆ. ಅದು ಬರೀ ಗೊಂಬೆಗಳ ಆಟ, ತಲೆ ಕೆಡಿಸಿಕೊಳ್ಳಬೇಡ ಎಂಬುದು ನನ್ನ ಯಜಮಾನರ ಮಾತು. ತರಗತಿಯಲ್ಲಿ ಎಲ್ಲರೂ ಆಡುತ್ತಾರೆ, ನನಗೆ ಮಾತ್ರ ಇಲ್ಲ ಎಂಬುದು ಮಗನ ದೂರು. ಆಟದ ವಿವರಗಳಿದ್ದ ಪುಟದಲ್ಲಿ 18 ಎಂಬ ಅಂಕಿ ನೋಡಿದೆ. ಆ ಅಂಕಿಗೆ ನಾವು ಎಷ್ಟು ಬೆಲೆ ಕೊಡಬೇಕು? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಬಿಸಿಲೆ ಘಾಟಿ, ಸಕಲೇಶಪುರ

ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ ಮೇಡಂ. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿ, ಅಕ್ಕನ ಮನೆಗೆ ಒಂದು ವರ್ಷ ಕಳಿಸಬೇಡಿ. ನನಗೆ ಇಬ್ಬರು ಗಂಡು ಮಕ್ಕಳು, ಒಬ್ಬನಿಗೆ 12, ಇನ್ನೊಬ್ಬನಿಗೆ 15. ನಮ್ಮ ಮನೆಯಲ್ಲಿ ಯಾವ ಗೇಮೂ ಇಲ್ಲ, ಸಂಜೆ ವಾಲಿಬಾಲ್ ಆಡುತ್ತಾರೆ. ಸರ್ಕಾರವೇ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸಿ ಕಾನೂನು ತಂದಿರುವಾಗ ಪೋಷಕರು ಅನುಮಾನಿಸುವುದು ಏಕೆ?

ಕಪ್ಪುಹಲಗೆ, ಹಾಸನ

ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿರುವವನು. ಸಕಲೇಶಪುರದ ಸ್ನೇಹಿತರ ಮಾತಿನಲ್ಲಿ ಒಂದು ತಿದ್ದುಪಡಿ ಅಗತ್ಯವೆನಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ತಡೆದಿರುವುದು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು. ಗುಂಡು ಹಾರಿಸುವ, ಕಾರು ಹಾಯಿಸುವ ಆಟಗಳನ್ನು ಯಾವ ವಯಸ್ಸಿನವರು ಆಡಬೇಕೆಂಬುದು ಆ ಕಾನೂನಿನ ವಿಷಯವಲ್ಲ. ಸಿನಿಮಾಗಳಿಗೆ ನಮ್ಮಲ್ಲಿ ಪ್ರಮಾಣಪತ್ರ ಕೊಡುವ ಮಂಡಳಿ ಇದೆ. 2023ರ ತಿದ್ದುಪಡಿಯಲ್ಲಿ ಯುಎ ದರ್ಜೆಯನ್ನು 7, 13, 16 ಎಂದು ಮೂರಾಗಿ ವಿಂಗಡಿಸಿಯೂ ಆಯಿತು. ಆಟಗಳಿಗೆ ಅಂಥ ಸರ್ಕಾರಿ ಮಂಡಳಿ ನಮ್ಮ ದೇಶದಲ್ಲಿಲ್ಲ. ಎಂದರೆ, ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವವನು ಮಾಡಬೇಕಾದ ಕೆಲಸ ಇಲ್ಲಿ ಮನೆಯವರ ಪಾಲಿಗೇ ಬಂದಿದೆ.

ಹಾಗಾದರೆ ಆ 18 ಎಂಬ ಅಂಕಿ ಎಲ್ಲಿಂದ ಬಂತು? ಅಮೆರಿಕದಲ್ಲಿ 1993ರಲ್ಲಿ ಹೊಡೆದಾಟದ ಆಟಗಳ ರಕ್ತಪಾತದ ಕುರಿತು ಸೆನೆಟ್ ವಿಚಾರಣೆ ನಡೆಸಿತು. ಸರ್ಕಾರ ಕೈಹಾಕುವ ಮೊದಲೇ ಆಟಗಳ ಉದ್ಯಮ 1994ರಲ್ಲಿ ತನ್ನದೇ ರೇಟಿಂಗ್ ಮಂಡಳಿಯಾದ ಇಎಸ್‌ಆರ್‌ಬಿಯನ್ನು ಕಟ್ಟಿಕೊಂಡಿತು. ಯುರೋಪಿನ ಪೆಗಿ 2003ರಲ್ಲಿ ಬಂತು. ಜಿಟಿಎ ಫೈವ್‌ಗೆ ಅಮೆರಿಕದ ಮಂಡಳಿ ಕೊಟ್ಟಿರುವುದು ಎಂ ದರ್ಜೆ, ಅಂದರೆ 17 ವರ್ಷ ಮೇಲ್ಪಟ್ಟವರಿಗೆ. ಪೆಗಿ ಕೊಟ್ಟಿರುವುದು 18. ಮೊಬೈಲಿನ ಪ್ಲೇ ಸ್ಟೋರಿನಲ್ಲಿ ನಮಗೆ ಕಾಣುವ 3, 7, 12, 16, 18 ಎಂಬ ಅಂಕಿಗಳು ಆಟ ತಯಾರಿಸಿದವರೇ ತುಂಬಿಕೊಟ್ಟ ಪ್ರಶ್ನಾವಳಿಯ ಉತ್ತರಗಳಿಂದ ಬರುತ್ತವೆ. ಇಷ್ಟನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಆ ಅಂಕಿಯನ್ನು ಮಡಿವಂತರು ಹಾಕಿದ್ದಲ್ಲ, ಆಟ ಮಾರಿ ಬದುಕುವವರೇ ಒಪ್ಪಿಕೊಂಡು ಹಾಕಿದ್ದು. ಅಂಗಡಿಯವನೇ ಈ ವಸ್ತು ಮಕ್ಕಳಿಗಲ್ಲ ಎಂದು ಹೇಳುತ್ತಿರುವಾಗ ಗಿರಾಕಿ ಇರಲಿ ಬಿಡಿ ಎನ್ನುವುದು ನನಗೆ ಸರಿಕಾಣುವುದಿಲ್ಲ.

ಹೇಮೆಯ ದಡ, ಹಾಸನ

ನನಗೆ ಈಗ 19 ವರ್ಷ. ಮಲ್ಲಿಗೆಬಳ್ಳಿ ಮೇಡಂ, ನಿಮ್ಮ ಅಕ್ಕನ ಮಗನ ಜಾಗದಲ್ಲಿಯೂ ನಾನಿದ್ದೇನೆ, ನಿಮ್ಮ ಮಗನ ಜಾಗದಲ್ಲಿಯೂ ಇದ್ದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ತರಗತಿಗೆಂದು ಅಪ್ಪ ಸಾಲ ಮಾಡಿ ಕೊಡಿಸಿದ ಮೊಬೈಲಿನಲ್ಲಿ ನಾನು ಪಬ್‌ಜಿ ಆಡಲು ಕಲಿತೆ. ಆಗ ನನಗೆ 14. ಅದೇ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಅದೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಹೊದಿಕೆಯೊಳಗೆ ಅತ್ತಿದ್ದು ನೆನಪಿದೆ. ಸಾವಿರಾರು ಜನರನ್ನು ಪರದೆಯ ಮೇಲೆ ಗುಂಡಿಕ್ಕಿ ಕೊಂದಿದ್ದೇನೆ, ಆದರೆ ಈವರೆಗೆ ಯಾರ ಮೇಲೂ ಕೈಯೆತ್ತಿಲ್ಲ. ಇದು ನನ್ನೊಬ್ಬನ ಅನುಭವವೂ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 14 ಮತ್ತು 15 ವರ್ಷದ ಸುಮಾರು 1000 ಮಕ್ಕಳನ್ನೂ ಅವರ ಪೋಷಕರನ್ನೂ ಪ್ರಶ್ನಿಸಿದ್ದರು. ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಆಕ್ರಮಣಕಾರಿ ನಡವಳಿಕೆಗೂ ಸಂಬಂಧ ಕಂಡುಬರಲಿಲ್ಲ. ಆದ್ದರಿಂದ ಮಗ ಆಟ ಆಡಿದ ಮಾತ್ರಕ್ಕೆ ಕ್ರೂರಿಯಾಗುತ್ತಾನೆ ಎಂಬ ಭಯವನ್ನು ದಯವಿಟ್ಟು ಬಿಡಿ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ನನಗೆ ನೋವಾದದ್ದು ಬಂದೂಕಿನಿಂದ ಅಲ್ಲ, ಹೆಡ್‌ಫೋನಿನಿಂದ. ಆಟದಲ್ಲಿ ನಾಲ್ಕು ಜನರ ತಂಡವಿರುತ್ತದೆ, ಮೈಕ್ ತೆರೆದಿರುತ್ತದೆ, ಜೊತೆಯವರು ಯಾರೆಂದು ಗೊತ್ತಿರುವುದಿಲ್ಲ. ಮೂವತ್ತು, ನಲವತ್ತು ವರ್ಷದ ಗಂಡಸರು ಅಮ್ಮ ಅಕ್ಕಂದಿರ ಹೆಸರು ಹಿಡಿದು ಬೈಯುವುದನ್ನು ರಾತ್ರಿ ಹನ್ನೊಂದರವರೆಗೂ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಅವರಲ್ಲಿ ಒಬ್ಬ ಮಾತ್ರ ಬೈಯುತ್ತಿರಲಿಲ್ಲ, ತುಂಬ ಪ್ರೀತಿಯಿಂದ ಮಾತನಾಡುತ್ತಿದ್ದ. ಯಾವ ಊರು, ಯಾವ ಶಾಲೆ, ಅಪ್ಪ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ ಎಂದು ವಿಚಾರಿಸುತ್ತಿದ್ದ, ಕೊನೆಗೆ ಫೋಟೊ ಕಳಿಸು ಎಂದ. ಕಳಿಸಲಿಲ್ಲ, ಆಟದಿಂದ ಹೊರಬಂದೆ, ಎರಡು ದಿನ ಜ್ವರ ಬಂದವನಂತೆ ಮಲಗಿದ್ದೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಮೊದಲು ಮೊಬೈಲ್ ಕಸಿದುಕೊಳ್ಳುತ್ತಾರೆಂದು ಗೊತ್ತಿತ್ತು. ಇವತ್ತಿಗೂ ಹೇಳಿಲ್ಲ.

ಬಿಸಿಲೆ ಘಾಟಿ, ಸಕಲೇಶಪುರ

ತಮ್ಮಾ, ನೀನು ಕೊನೆಗೆ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ದೊಡ್ಡ ಮಗ ನನಗೆ ಏನು ಹೇಳುತ್ತಾನೆ, ಏನು ಹೇಳುವುದಿಲ್ಲ ಎಂದು ಈಗ ಯೋಚಿಸುತ್ತಿದ್ದೇನೆ.

ಕಪ್ಪುಹಲಗೆ, ಹಾಸನ

ಹೇಮೆಯ ದಡ ಅವರ ಅನುಭವಕ್ಕೆ ಒಂದು ಮಾತು ಸೇರಿಸಲೇಬೇಕು. ಆಟದೊಳಗೆ ಅಪರಿಚಿತರು ಆಡುವ ಮಾತು ಆ ವಯಸ್ಸಿನ ಅಂಕಿಯ ಲೆಕ್ಕಕ್ಕೇ ಬರುವುದಿಲ್ಲ. ಆನ್‌ಲೈನ್ ಒಡನಾಟಕ್ಕೆ ನಮ್ಮ ರೇಟಿಂಗ್ ಅನ್ವಯಿಸುವುದಿಲ್ಲ ಎಂದು ಅಮೆರಿಕದ ಮಂಡಳಿ ನೇರವಾಗಿಯೇ ಹೇಳುತ್ತದೆ. ಎಂದರೆ 12 ಎಂದು ಬರೆದಿರುವ ಆಟದಲ್ಲಿಯೂ 18ರ ಮಾತು ಕಿವಿಗೆ ಬೀಳಬಹುದು. ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ನನ್ನ ತರಗತಿಯ ಒಬ್ಬ ಹುಡುಗ ಸೋದರಮಾವನ ಹೆಸರಿನಲ್ಲಿ ಖಾತೆ ತೆರೆದು ಆ ಮಿತಿಯನ್ನು ದಾಟಿದ್ದ. ಓಟಿಪಿ ಬರುವ ಮೊಬೈಲ್ ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗೆ ಹಾಕಿರುತ್ತದೆ, ಸರ್ ಎಂದು ತಾನಾಗಿಯೇ ವಿವರಿಸಿದ.

ಅಧ್ಯಯನದ ಬಗ್ಗೆಯೂ ಒಂದು ಸೂಕ್ಷ್ಮವಿದೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ತನ್ನ ನಿಲುವನ್ನು ಪರಿಷ್ಕರಿಸಿ, ಹಿಂಸಾಕೃತ್ಯಗಳಿಗೆ ಆಟಗಳೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಆದರೆ ಕೂಗಾಡುವುದು, ತಳ್ಳಾಡುವುದು ಮುಂತಾದ ನಡವಳಿಕೆಯೊಂದಿಗೆ ಸಣ್ಣ ಪ್ರಮಾಣದ ಸಂಬಂಧವಿದೆ ಎಂಬ ಮಾತನ್ನು ಉಳಿಸಿಕೊಂಡಿತು. ಆಕ್ಸ್‌ಫರ್ಡಿನವರು ನೋಡಿದ್ದು 14, 15ರ ಮಕ್ಕಳನ್ನು, ನಾವು ಮಾತನಾಡುತ್ತಿರುವುದು 13ರ ಹುಡುಗನ ಬಗ್ಗೆ. ಆ ವಯಸ್ಸಿನಲ್ಲಿ ಒಂದು ವರ್ಷದ ಅಂತರ ಎಷ್ಟು ದೊಡ್ಡದೆಂಬುದು ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಅದೇ ಮಕ್ಕಳಿಗೆ ಪಾಠ ಮಾಡಿದವರಿಗೆ ಗೊತ್ತು.

ಹಳೇ ಕಣ, ಆಲ್ದೂರು

ನನಗೆ 74 ವರ್ಷ, ಮೊಮ್ಮಗ ಬರೆದುಕೊಡುತ್ತಿದ್ದಾನೆ. ನಮ್ಮ ಬಾಲ್ಯದಲ್ಲಿ ಮಲೆನಾಡಿನ ಮನೆಗಳಲ್ಲಿ ಕೋವಿ ಇರುತ್ತಿತ್ತು. 1972ರ ವನ್ಯಜೀವಿ ಕಾನೂನು ಬರುವ ಮೊದಲು ಶಿಕಾರಿ ಎಂಬುದು ಊರಿನ ಹಬ್ಬದಂತಿತ್ತು, 13ರ ಹುಡುಗರೂ ಪ್ರಾಣಿಗಳನ್ನು ಎಬ್ಬಿಸಿ ಸೋವುವವರ ಜೊತೆಯಲ್ಲಿ ಹೋಗುತ್ತಿದ್ದೆವು. ಆದ್ದರಿಂದ ನಮ್ಮ ಕಾಲದ ಮಕ್ಕಳು ಹಿಂಸೆಯನ್ನೇ ಕಂಡಿರಲಿಲ್ಲ ಎಂದು ನಾನು ಹೇಳಲಾರೆ. ನನ್ನ ದೊಡ್ಡಪ್ಪ ಹೊಡೆದ, ಪುಟ್ಟ ಜಿಂಕೆಯಂಥ ಒಂದು ಬರ್ಕ ತಕ್ಷಣ ಸಾಯದೆ, ಹಳ್ಳದ ಬದಿಯಲ್ಲಿ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಅದನ್ನು ಹೊತ್ತು ತರುವಾಗ ಅದರ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು. ಆಮೇಲೆ ನಾನು ಯಾವ ಶಿಕಾರಿಗೂ ಹೋಗಲಿಲ್ಲ.

ಮೊಮ್ಮಗ ಆಡುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡುತ್ತೇನೆ. ಅಲ್ಲಿ ಸತ್ತವರು ಭಾರವಿಲ್ಲದವರು, ಸ್ವಲ್ಪ ಹೊತ್ತಿಗೆ ಮಾಯವಾಗುತ್ತಾರೆ. ಯಾರೂ ಹೊರುವುದಿಲ್ಲ, ಯಾರೂ ಅಳುವುದಿಲ್ಲ. ನನ್ನನ್ನು ಚಿಂತೆಗೆ ಹಚ್ಚಿದ್ದು ಹೊಡೆಯುವುದಲ್ಲ, ಹೊಡೆದ ಮೇಲೆ ಏನೂ ಆಗದಿರುವುದು. ಆ ತಾಯಿಗೆ "ಸುಮ್ಮನೆ" ಎಂಬ ಮಾತು ಚುಚ್ಚಿದ್ದು ಸರಿಯಾದ ಕಡೆಯೇ ಎಂದು ನನಗನಿಸುತ್ತದೆ.

ಎರಡು ಕಂಟ್ರೋಲರ್, ಹಾಸನ

ನಾನು ಹಾಸನದಲ್ಲಿ ಚಿಕ್ಕದೊಂದು ಗೇಮಿಂಗ್ ಸೆಂಟರ್ ನಡೆಸುತ್ತೇನೆ. ಆರು ಕಂಪ್ಯೂಟರ್, ಎರಡು ಪ್ಲೇಸ್ಟೇಷನ್ ಇವೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಸಮವಸ್ತ್ರದಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ. ಇದರಿಂದ ನನಗೆ ನಷ್ಟವಿದೆ, ಆದರೂ ಆ ನಿಯಮ ಮುರಿದಿಲ್ಲ.

ಮಲ್ಲಿಗೆಬಳ್ಳಿ ಮೇಡಂಗೆ ನೇರವಾಗಿ ಹೇಳುತ್ತೇನೆ, ನಿಮ್ಮ ಮಗನಿಗೆ ಆ ಆಟ ಬೇಡ. ನೀವು ನೋಡಿದ್ದು ಅದರ ಅತಿ ಸೌಮ್ಯವಾದ ಭಾಗ. 2013ರಲ್ಲಿ ಬಂದ ಆ ಆಟವನ್ನು ನಾನು ಪೂರ್ತಿ ಮುಗಿಸಿದ್ದೇನೆ, ಅದನ್ನು ಕಟ್ಟಿದವರ ಕೌಶಲದ ಬಗ್ಗೆ ನನಗೆ ಗೌರವವಿದೆ. ಸಮುದ್ರದ ಮೇಲೆ ಬೆಳಕು ಬದಲಾಗುವ ರೀತಿಯೊಂದೇ ಸಾಕು, ಗಂಟೆಗಟ್ಟಲೆ ನೋಡಬಹುದು. ಆದರೆ ಅದರ ಕಥೆಯ ಒಂದು ಘಟ್ಟದಲ್ಲಿ ಒಬ್ಬ ಮನುಷ್ಯನನ್ನು ಕಟ್ಟಿಹಾಕಿ ಚಿತ್ರಹಿಂಸೆ ಕೊಡಬೇಕಾಗುತ್ತದೆ. ಸಿನಿಮಾದಲ್ಲಿ ಅಂಥ ದೃಶ್ಯ ಬಂದರೆ ಕಣ್ಣು ಮುಚ್ಚಿಕೊಳ್ಳಬಹುದು. ಇಲ್ಲಿ ಮೇಜಿನ ಮೇಲಿಟ್ಟ ಸಲಕರಣೆಗಳಲ್ಲಿ ಯಾವುದನ್ನು ಬಳಸಬೇಕೆಂದು ಆಡುವವನೇ ಆರಿಸಬೇಕು, ಬಳಸುವಾಗ ಕೈಯಲ್ಲಿನ ಗುಂಡಿ ಅಥವಾ ಕಡ್ಡಿಯನ್ನು ಅವನೇ ಆಡಿಸಬೇಕು. ಆಗ ನನಗೆ 25 ದಾಟಿತ್ತು, ಆದರೂ ಕಂಟ್ರೋಲರನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದಿದ್ದೆ. ಹೆಂಗಸರನ್ನು ತೋರಿಸುವ ರೀತಿಯ ಬಗ್ಗೆ ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಬಟ್ಟೆ ಕಳಚಿ ಕುಣಿಯುವವರ ಕ್ಲಬ್ ಒಂದು ಆ ನಗರದಲ್ಲಿದೆ ಎಂದಷ್ಟೇ ಹೇಳಿ ಬಿಡುತ್ತೇನೆ.

ಗೊಂಬೆಗಳ ಆಟ ಎನ್ನುವ ಯಜಮಾನರು ಒಂದು ಭಾನುವಾರ ನನ್ನ ಸೆಂಟರಿಗೆ ಬರಲಿ. ದುಡ್ಡು ಬೇಡ, ಎರಡು ಗಂಟೆ ಆ ಆಟವನ್ನು ಅವರೇ ಆಡಿ ನೋಡಲಿ, ಆಮೇಲೆ ಮಗನಿಗೆ ಕೊಡುವ ಮಾತು. ಮಕ್ಕಳ ಆಟದ ಬಗ್ಗೆ ತೀರ್ಮಾನ ಮಾಡುವ ತಂದೆಯರಲ್ಲಿ ಅದನ್ನು ಆಡಿ ನೋಡಿದವರನ್ನು ನನ್ನ ಎಂಟು ವರ್ಷದ ವ್ಯಾಪಾರದಲ್ಲಿ ಇಬ್ಬರನ್ನಷ್ಟೇ ಕಂಡಿದ್ದೇನೆ.

ಮಲ್ಲಿಗೆಬಳ್ಳಿ, ಚಿಕ್ಕಮಗಳೂರು

ನಿಮ್ಮೆಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಅಜ್ಜನವರ ಬರಹ ಕೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಹಾಸನಕ್ಕೆ ಹೋಗುವ ಅಗತ್ಯ ಬೀಳಲಿಲ್ಲ, ಮೊನ್ನೆ ರಾತ್ರಿ ಆ ಚಿತ್ರಹಿಂಸೆಯ ಭಾಗವನ್ನು ಯೂಟ್ಯೂಬಿನಲ್ಲಿ ಹುಡುಕಿ ಇಬ್ಬರೂ ನೋಡಿದೆವು. ಅವರು ಅರ್ಧಕ್ಕೇ ನಿಲ್ಲಿಸಿದರು.

ಬೇಡ ಎಂಬುದು ಈಗ ನಮ್ಮಿಬ್ಬರಿಗೂ ಖಚಿತ. ಆದರೆ ಹೇಮೆಯ ದಡ ಬರೆದದ್ದು ನನ್ನನ್ನು ಹೆದರಿಸಿದೆ. ಬೇಡ ಎಂದರೆ ಮಗ ಕದ್ದು ಆಡುತ್ತಾನೆ, ಏನಾದರೂ ಆದರೆ ನಮಗೆ ಹೇಳುವುದೂ ಇಲ್ಲ. ಅಕ್ಕನ ಮನೆಯಿಂದ ಬಂದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಊಟಕ್ಕೆ ಕರೆದರೆ ಸಿಡುಕುತ್ತಾನೆ. ಇದು ಗೀಳೇ?

ತೆರೆದ ಕಿಟಕಿ, ಹಾಸನ

ನಾನು ಆಪ್ತ ಸಮಾಲೋಚಕಿ, ಹದಿಹರೆಯದ ಮಕ್ಕಳೊಂದಿಗೆ ಕೆಲಸ ಮಾಡುತ್ತೇನೆ. ನೀವು ಬರೆದಷ್ಟರಿಂದ ಅದನ್ನು ಗೀಳು ಎಂದು ಕರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದ್ದು, ಅದರಲ್ಲಿ ಗೇಮಿಂಗ್ ಅಸ್ವಸ್ಥತೆಗೂ ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಇದ್ದು, ಓದು, ಮನೆ, ಸ್ನೇಹ ಕೆಟ್ಟಾಗ ಮಾತ್ರ ವೈದ್ಯರು ಆ ಹೆಸರು ಹಿಡಿಯುತ್ತಾರೆ. ಹತ್ತು ದಿನ ಅಣ್ಣನ ಜೊತೆ ಮಜವಾಗಿದ್ದ ಹುಡುಗ ಮನೆಗೆ ಬಂದು ಸಿಡುಕುವುದು ಬೇರೆ. ಎರಡು ಮೂರು ವಾರ ನೋಡಿ. ನಿದ್ದೆ ಸರಿಹೋಗದಿದ್ದರೆ 14416 ಟೆಲಿಮಾನಸ್ ಸಹಾಯವಾಣಿಗೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ತೀರ ಹೆಚ್ಚಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಗೀಳಿಗೆಂದೇ ಶಟ್ ಎಂಬ ಕ್ಲಿನಿಕ್ ಇದೆ. ನಿಮಗೆ ಈಗ ಅದು ಬೇಕಿಲ್ಲ.

ಬೇಡ ಎಂದು ಹೇಳುವುದರಲ್ಲಿ ತಪ್ಪಿಲ್ಲ, ಹೇಗೆ ಹೇಳುತ್ತೀರಿ ಎಂಬುದನ್ನು ಯೋಚಿಸಿ. ನಿನಗೆ ಏನು ಗೊತ್ತಾಗುತ್ತದೆ, ತೆಗೆದಿಡು ಎಂದರೆ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ನೀವು ಆ ದೃಶ್ಯ ನೋಡಿದ್ದನ್ನು, ಅಪ್ಪ ಅರ್ಧಕ್ಕೆ ನಿಲ್ಲಿಸಿದ್ದನ್ನು ಇದ್ದದ್ದು ಇದ್ದಂತೆ ಅವನಿಗೆ ಹೇಳಿ. ತಂದೆಗೇ ನೋಡಲಾಗಲಿಲ್ಲ ಎಂಬ ಮಾತು 13ರ ಹುಡುಗನ ಮನಸ್ಸಿಗೆ ಇಳಿಯುತ್ತದೆ. ಅದರ ಜೊತೆಗೆ ಇನ್ನೊಂದು ಮಾತನ್ನೂ ಬಾಯಿಬಿಟ್ಟು ಹೇಳಿ: ಎಲ್ಲಿಯಾದರೂ ಆಡಿದರೂ, ಯಾರಾದರೂ ಕೆಟ್ಟದಾಗಿ ಮಾತನಾಡಿದರೂ ನಮಗೆ ಹೇಳು, ಹೇಳಿದ್ದಕ್ಕಾಗಿ ಮೊಬೈಲ್ ಕಸಿದುಕೊಳ್ಳುವುದಿಲ್ಲ. ಹೇಳಿದ ಮೇಲೆ ಆ ಮಾತಿಗೆ ತಪ್ಪಬೇಡಿ. ಹೇಮೆಯ ದಡ, ನಿಮಗೂ ಒಂದು ವಿನಂತಿ. ಆ ವಿಷಯವನ್ನು ಈಗಲಾದರೂ ಮನೆಯಲ್ಲಿ ಯಾರಿಗಾದರೂ ಹೇಳಿ, ಅದರಲ್ಲಿ ನಿಮ್ಮ ತಪ್ಪೇನೂ ಇರಲಿಲ್ಲ.

ಎರಡು ಕಂಟ್ರೋಲರ್, ಹಾಸನ

ಕಿತ್ತುಕೊಂಡ ಜಾಗದಲ್ಲಿ ಏನಾದರೂ ಇಡಬೇಕು ಮೇಡಂ, ಬರೀ ಖಾಲಿ ಕೈ ತೋರಿಸಿದರೆ ಹುಡುಗ ಒಪ್ಪುವುದಿಲ್ಲ. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ ಇಟ್ಟಿಗೆಯಂಥ ಚೌಕಗಳಿಂದ ಮನೆ, ಊರು ಕಟ್ಟಬಹುದು, ಪೆಗಿ ಅದಕ್ಕೆ ಕೊಟ್ಟಿರುವುದು 7. ಅಣ್ಣತಮ್ಮ ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಕುಳಿತು ಒಟ್ಟಿಗೆ ಆಡಬಹುದು, ಅಪರಿಚಿತರು ಬರದಂತೆ ಇಬ್ಬರಿಗಷ್ಟೇ ಇಟ್ಟುಕೊಳ್ಳಲೂಬಹುದು. ಫುಟ್‌ಬಾಲ್, ಕ್ರಿಕೆಟ್, ಕಾರ್ ರೇಸಿಂಗ್ ಆಟಗಳೂ ಇವೆ. ಲ್ಯಾಪ್‌ಟಾಪ್ ಕೋಣೆಯಲ್ಲಿ ಬೇಡ, ಹಜಾರದಲ್ಲಿರಲಿ. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲಿ ಧ್ವನಿ ಬರಲಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇವತ್ತೇ ಮಾಡಿಬಿಡಿ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಆಟದೊಳಗಿನ ಬಂದೂಕಿಗೆ ಬಣ್ಣ ಹಚ್ಚಲೆಂದು ತನ್ನ ಅಜ್ಜಿಯ ಪಿಂಚಣಿ ಬರುವ ಖಾತೆಯಿಂದ ಸಾವಿರಾರು ರೂಪಾಯಿ ಕಳೆದಿದ್ದ.

ಹೇಮೆಯ ದಡ, ಹಾಸನ

ತೆರೆದ ಕಿಟಕಿ ಮೇಡಂ, ನಿಮ್ಮ ಮಾತಿಗೆ ಧನ್ಯವಾದ. ಭಾನುವಾರ ಅಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ.

ನನ್ನ ಮೊದಲ ಬರಹದಲ್ಲಿ ಒಂದನ್ನು ಸರಿಪಡಿಸಬೇಕು. ಯಾರಿಗೂ ಕೈಯೆತ್ತಿಲ್ಲ ಎಂದಿದ್ದೆ, ಅದು ನಿಜ. ಆದರೆ ನನ್ನ ತಮ್ಮನಿಗೆ ಈಗ 12, ಅವನು ಆ ಆಟ ಕೇಳಿದರೆ ನಾನು ಕೊಡುವುದಿಲ್ಲ. ಇಷ್ಟು ದಿನ ಏಕೆಂದು ಕೇಳಿಕೊಂಡಿರಲಿಲ್ಲ.

ಮಲ್ಲಿಗೆಬಳ್ಳಿ, ಚಿಕ್ಕಮಗಳೂರು

ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಶನಿವಾರ ರಾತ್ರಿ ಊಟವಾದ ಮೇಲೆ ಯಜಮಾನರೇ ಮಾತು ತೆಗೆದರು. ತಾವು ಆ ದೃಶ್ಯ ನೋಡಿದ್ದನ್ನೂ ನೋಡಲಾಗದೆ ನಿಲ್ಲಿಸಿದ್ದನ್ನೂ ಹೇಳಿದರು. ಮಗ ತಲೆ ತಗ್ಗಿಸಿಕೊಂಡೇ, "ಅಣ್ಣ ಆ ಭಾಗ ಬಂದಾಗ ನನ್ನನ್ನು ಹೊರಗೆ ಕಳಿಸಿದ್ದ" ಎಂದ. ಅಕ್ಕನ ಮಗನ ಮೇಲೆ ನಾನಿಟ್ಟುಕೊಂಡಿದ್ದ ಕೋಪ ಅರ್ಧ ಇಳಿಯಿತು. ಅವನಿಗೂ ಫೋನ್ ಮಾಡಿ ಮಾತನಾಡಿದೆ, ಮುಂದಿನ ರಜೆಗೆ ಆ ಆಟ ತಮ್ಮನ ಮುಂದೆ ತೆರೆಯುವುದಿಲ್ಲ ಎಂದು ತಾನಾಗಿಯೇ ಹೇಳಿದ. ಚೌಕಗಳ ಆಟವನ್ನು ಅವನೇ ಹಾಕಿಕೊಟ್ಟಿದ್ದಾನೆ, ಭಾನುವಾರ ಮಧ್ಯಾಹ್ನ ಎರಡು ಗಂಟೆ, ಹಜಾರದಲ್ಲಿ. ಈಗ ಅರೇಬಿಕಾ ಕೊಯ್ಲು ಶುರುವಾಗಿರುವುದರಿಂದ ನಾವಿಬ್ಬರೂ ತೋಟದಿಂದ ಬರುವುದು ಕತ್ತಲಾಗುತ್ತದೆ, ವಾರದ ದಿನಗಳಲ್ಲಿ ಲ್ಯಾಪ್‌ಟಾಪ್ ಅತ್ತೆಯ ಬೀರುವಿನಲ್ಲಿರುತ್ತದೆ.

ಮಗ ಪೂರ್ತಿ ಸಮಾಧಾನಗೊಂಡಿಲ್ಲ. 18 ಆದಾಗ ಕೊಡುತ್ತೀರಾ ಎಂದು ಕೇಳಿದ, ಆಗ ನೀನೇ ತೀರ್ಮಾನಿಸು ಎಂದೆವು. 16 ಆದಾಗ ಎಂದು ಕೇಳಿದ. ಅದಕ್ಕೆ ನಾವಿನ್ನೂ ಉತ್ತರ ಕೊಟ್ಟಿಲ್ಲ.